ಓಥಾ ಲೀ, ನಿನ್ನ ತಟ್ಟೆ ಮುಚ್ಚಿಟ್ಟಿದ್ದೀನಿ

ಡೆಟ್ರಾಯಿಟ್
ಮೇ 14, 1966

ವರ್ನೆಲ್ ಟಾಲಿವರ್‌ಗೆ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರ ಆಮೇಲೆ. ಮೊದಲು ನಿನ್ನ ಹಾಡಿನಿಂದ ನನ್ನ ಹೆಸರು ತೆಗೆ.

ಇಲ್ಲಿ ಕಾರಿನ ಕಾರ್ಖಾನೆಯಲ್ಲಿ ಬಾಗಿಲು ಕೂರಿಸುವ ಕೆಲಸ ನನ್ನದು. ನಮ್ಮ ಸಾಲಿನ ಕೊನೆಯಲ್ಲಿ ಯಾರೋ ಒಂದು ರೇಡಿಯೊ ಇಟ್ಟಿದ್ದಾರೆ. ಮಂಗಳವಾರ ಅದರಲ್ಲಿ ನಿನ್ನ ದನಿ ಬಂತು. ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. "ಈ ಹುಡುಗಿ ನಮ್ಮ ಮೆಂಫಿಸ್‌ನೋಳು ಕಣೋ, ನಂಗೆ ಚೆನ್ನಾಗ್ ಗೊತ್ತು" ಎಂದು ಪಕ್ಕದವನಿಗೆ ಹೇಳಿಯೂಬಿಟ್ಟೆ. ಅಷ್ಟರಲ್ಲಿ ನೀನು ಹಾಡುವುದನ್ನು ನಿಲ್ಲಿಸಿ ಮಾತಾಡಲು ಶುರುಮಾಡಿದೆ.

"ಓಥಾ ಲೀ ಗೇನ್ಸ್! ಎಲ್ಲಿದ್ದೀಯೋ? ಹಂದಿ ಕತ್ತಿನ ಮೂಳೆ ಬೆಂದೂ ಬೆಂದೂ ಕರಗ್ಹೋಯ್ತು. ಸೊಪ್ಪು ಎಷ್ಟ್ ಸಲ ಬಿಸಿ ಮಾಡ್ಲಿ? ನಿನ್ನ ತಟ್ಟೆ ಮುಚ್ಚಿಟ್ಟಿದ್ದೀನಿ. ಬಂದು ತಿನ್ನು, ಇಲ್ಲಾ ಬಂದು ಮುಖ ತೋರ್ಸು!"

ಒಂದಷ್ಟು ಕಾರುಗಳು ಬಾಗಿಲಿಲ್ಲದೆ ಮುಂದೆ ಹೋದವು. ಬರೀ ಓಥಾ ಲೀ ಎಂದಿದ್ದರೆ ಇನ್ಯಾರೋ ಎನ್ನಬಹುದಿತ್ತು. ನೀನು ನಮ್ಮಪ್ಪನ ಹೆಸರನ್ನೂ ಸೇರಿಸಿ ಹೇಳಿದ್ದೀಯ. ಈಗ ಕಾರ್ಖಾನೆಯ ಗೇಟಿನಿಂದ ಚರ್ಚಿನ ಬಾಗಿಲವರೆಗೆ ಯಾರು ಸಿಕ್ಕಿದರೂ "ಊಟ ಆಯ್ತಾ, ಓಥಾ ಲೀ?" ಎನ್ನುತ್ತಾರೆ. ಅಂಚೆಯವನು ಕೂಡ.

ನಾನು ಮಾನವಂತ. ದಯವಿಟ್ಟು ತೆಗೆಸು.

ಓಥಾ ಲೀ ಗೇನ್ಸ್


ಮೆಂಫಿಸ್
ಜೂನ್ 2, 1966

ಓಥಾ ಲೀ,

ಬದುಕಿದ್ದೀಯ ಎಂದು ತಿಳಿದು ಸಂತೋಷ. ನಾನು ನಿನ್ನನ್ನು ಎಷ್ಟೋ ಬಗೆಯಲ್ಲಿ ಸಾಯಿಸಿಯಾಗಿತ್ತು.

ಬೇಕೆಂದೇ ಮಾಡಿದ್ದಲ್ಲ. ನಮ್ಮ ಸ್ಟುಡಿಯೊದಲ್ಲಿ ಬರೆದುಕೊಂಡು ಹಾಡುವ ಪದ್ಧತಿ ಇಲ್ಲ ಎಂದು ನಿನಗೆ ಗೊತ್ತಿಲ್ಲ. ಹಳೇ ದಿನಸಿ ಅಂಗಡಿ ಅದು. ಬ್ಯಾಂಡಿನವರು ನುಡಿಸುತ್ತಾ ಹೋಗುತ್ತಾರೆ, ಸರಿ ಅನ್ನಿಸಿದಾಗ ನಿಲ್ಲಿಸುತ್ತಾರೆ. ನನಗೆ ಎರಡನೇ ಚರಣ ಮರೆತುಹೋಯಿತು. ಡ್ರಮ್ಮಿನವನು ನಿಲ್ಲಿಸಬೇಡ ಎಂದು ಕಣ್ಸನ್ನೆ ಮಾಡಿದ. ಬಾಯಿಗೆ ಬಂದದ್ದನ್ನು ಅಂದೆ. ಬಾಯಿಗೆ ನೀನು ಬಂದೆ. ಆಮೇಲೆ ಎಷ್ಟು ಸಲ ಬೇರೆ ಥರ ಹಾಡಿದರೂ ಯಜಮಾನರು, "ಮೊದಲಿಂದೇ ಇರ್ಲಿ. ಆ ಬೈಗುಳ ಇಲ್ದಿದ್ರೆ ಈ ಹಾಡು ಬರೀ ಅಡುಗೆ ಪುಸ್ತಕ" ಎಂದರು. ಮಧ್ಯೆ ನಾನು ಕೆಮ್ಮಿದ್ದೂ ಹಾಗೇ ಇದೆ, ಗಮನಿಸಿದೆಯಾ?

ಒಂದು ಒಪ್ಪಂದ ಮಾಡಿಕೊಳ್ಳೋಣ. ಆ ಭಾನುವಾರ ನಾನು ಹೊಸ ಮೇಜುಹಾಸು ಹಾಸಿ, ನೀಲಿ ಅಂಚಿನ ತಟ್ಟೆ ಜೋಡಿಸಿ, ಬಾಗಿಲ ಕಡೆ ನೋಡುತ್ತಾ ಕತ್ತಲಾಗುವವರೆಗೆ ಕೂತಿದ್ದೆ. ನೀನು ಬರಲಿಲ್ಲ. ಮಾರನೇ ದಿನ ಬಸ್ಸು ಹತ್ತಿ ಊರೇ ಬಿಟ್ಟೆ. ಯಾಕೆ ಬರಲಿಲ್ಲ ಎಂದು ನಿಜ ಹೇಳು. ಇನ್ನೊಮ್ಮೆ ಈ ಹಾಡು ಮುದ್ರಿಸುವಾಗ ನಿನ್ನ ಹೆಸರು ಇರುವುದಿಲ್ಲ.

ಅಮ್ಮ ಚೆನ್ನಾಗಿದ್ದಾಳೆ. ರೇಡಿಯೊದಲ್ಲಿ ಈ ಹಾಡು ಬಂದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾಳೆ. ದೇವರ ಹಾಡು ಬಿಟ್ಟು ಇದನ್ನು ಹಾಡುತ್ತೇನೆಂದು ಮುನಿಸು.

ವರ್ನೆಲ್


ಡೆಟ್ರಾಯಿಟ್
ಸೆಪ್ಟೆಂಬರ್ 20, 1966

ವರ್ನೆಲ್,

ನಿಜ ಇದು: ಬಸ್ಸು ಕೆಟ್ಟುಹೋಗಿತ್ತು.

ನೀನು ನಂಬುವುದಿಲ್ಲ ಎಂದು ಗೊತ್ತಿದ್ದರಿಂದ ಇದನ್ನೇ ಹಾಡಿ ರೆಕಾರ್ಡು ಮಾಡಿಸಿದ್ದೇನೆ. ಹೆಂಗಸು ಒಂದು ರೆಕಾರ್ಡಿನಲ್ಲಿ ಬೈದರೆ ಗಂಡಸು ಇನ್ನೊಂದರಲ್ಲಿ ಉತ್ತರ ಕೊಡುವುದು ಎಲ್ಲ ಕಡೆ ನಡೆದೇ ಇದೆ. ಇಲ್ಲಿ ಬಟ್ಟೆ ಒಗೆಯುವ ಅಂಗಡಿಯ ಹಿಂದೆ ಒಬ್ಬರು ಸಣ್ಣ ಕಂಪನಿ ನಡೆಸುತ್ತಾರೆ. ನನ್ನ ಗಂಭೀರ ದನಿ ಅವರಿಗೆ ಹಿಡಿಸಿತು. ಹಾಡಿನ ಹೆಸರು "ವರ್ನೆಲ್, ಬಸ್ಸು ಕೆಟ್ಟಿತ್ತು". ಒಂದು ಪ್ರತಿ ಕಳಿಸಿದ್ದೇನೆ. ಹಿಂದೆ ಕೇಳುವ ಗುಡುಗುಡು ಬಸ್ಸಿನ ಸದ್ದಲ್ಲ, ಒಗೆಯುವ ಯಂತ್ರದ್ದು. ಆದರೆ ಚೆನ್ನಾಗಿ ಹೊಂದಿಕೊಂಡಿದೆ.

ಓಥಾ ಲೀ


ಮೆಂಫಿಸ್
ಜನವರಿ 9, 1967

ಓಥಾ ಲೀ,

ನಿನ್ನ ಉತ್ತರವನ್ನು ಇಲ್ಲಿನ ರೇಡಿಯೊದಲ್ಲಿ ಹಾಕಿದರು. ಹಾಕಿ, "ಇವನ ಮಾತು ನಂಬೋರು ಫೋನ್ ಮಾಡಿ" ಎಂದರು. ಒಂದೇ ಒಂದು ಫೋನ್ ಬಂತಂತೆ. ಅದೂ ಒಗೆಯುವ ಯಂತ್ರ ಯಾವ ಕಂಪನಿಯದು ಎಂದು ಕೇಳಲು.

ಬಸ್ಸಂತೆ ಬಸ್ಸು! ನಿನ್ನ ಕೋಣೆಯಿಂದ ನಮ್ಮ ಮನೆಗೆ ನಡೆದೇ ಬರಬಹುದು. ಮಧ್ಯೆ ಇರುವುದು ಚರ್ಚು ಮತ್ತು ನಿನ್ನ ಟೆನ್ನಿ ದೊಡ್ಡಮ್ಮನ ಮನೆ. ಅಷ್ಟಕ್ಕೆ ಬಸ್ಸು ಹತ್ತುವವನು ಸೋಮಾರಿ, ಹತ್ತಿದೆ ಎನ್ನುವವನು ಸುಳ್ಳುಗಾರ. ಅವತ್ತು ನಿನ್ನನ್ನು ಹಿಡಿದಿಟ್ಟುಕೊಂಡ ಹೆಂಗಸು ಯಾರು, ಅದನ್ನು ಹೇಳು. ನಾನು ಕೆಲಸ ಮಾಡುವ ಬ್ಯೂಟಿ ಪಾರ್ಲರಿನಲ್ಲಿ ಗಿರಾಕಿಗಳ ತಲೆ ಬಾಚುತ್ತಾ ಬಾಚುತ್ತಾ ಅವಳಿಗೊಂದು ರೂಪ ಕೊಟ್ಟಿದ್ದೇನೆ. ಒಂದು ಬಂಗಾರದ ಹಲ್ಲಿದೆ. ನಾನೇ ಇಟ್ಟ ಹೆಸರು ಡಾರ್ಥೂಲಾ. ನನ್ನಷ್ಟು ಚೆನ್ನಾಗಿ ಅಡುಗೆ ಬರುವುದಿಲ್ಲ.

ಇನ್ನೊಂದು ಸುದ್ದಿ. ಇಂಗ್ಲೆಂಡಿನ ಹುಡುಗರು ನಮ್ಮ ಹಾಡು ಹಾಡಿದ್ದಾರೆ. ಫೋಟೊದಲ್ಲಿ ಕೂದಲು ಕಣ್ಣಿನ ಮೇಲೆ ಬಿದ್ದಿದೆ, ತಾಯಂದಿರಿಗೆ ಕತ್ತರಿ ಸಿಗಲಿಲ್ಲವೇನೋ. ಮನೆಗೆ ಬೆಂಕಿ ಬಿದ್ದ ಹಾಗೆ ಓಡಿಸಿಕೊಂಡು ಹಾಡುತ್ತಾರೆ. ಆದರೆ ರೆಕಾರ್ಡಿನಲ್ಲಿದ್ದ ಒಂದನ್ನೂ ಬಿಟ್ಟಿಲ್ಲ. ನಿನ್ನ ಪೂರ್ತಿ ಹೆಸರು ಇದೆ. ನನ್ನ ಕೆಮ್ಮನ್ನೂ ಅದೇ ಜಾಗದಲ್ಲಿ ಶ್ರದ್ಧೆಯಿಂದ ಕೆಮ್ಮಿದ್ದಾರೆ. ಕತ್ತಿನ ಮೂಳೆ ಎಂದರೇನೆಂದು ಪಾಪ ಗೊತ್ತಿಲ್ಲ. ಆ ಮಾತು ಬಂದಾಗ ಕೊಲೆ ನೋಡಿದವರ ಹಾಗೆ ಕಿರುಚುತ್ತಾರೆ.

ವರ್ನೆಲ್


ಮೆಂಫಿಸ್
ಜುಲೈ 26, 1967

ಓಥಾ ಲೀ,

ಡೆಟ್ರಾಯಿಟ್ ಉರಿಯುತ್ತಿದೆ ಎಂದು ರೇಡಿಯೊದಲ್ಲಿ ಹೇಳುತ್ತಿದ್ದಾರೆ. ಗಲಭೆಯಂತೆ, ಸೈನ್ಯ ಬಂದಿದೆಯಂತೆ. ನಿನ್ನ ಬೀದಿ ಯಾವ ಕಡೆಯದೋ ನನಗೆ ಗೊತ್ತಿಲ್ಲ. ಬೇರೆ ಏನೂ ಬರೆಯಬೇಡ. ಇದ್ದೇನೆ ಎಂದು ಬರೆ ಸಾಕು.

ವರ್ನೆಲ್


ಡೆಟ್ರಾಯಿಟ್
ಆಗಸ್ಟ್ 1, 1967

ವರ್ನೆಲ್,

ಇದ್ದೇನೆ.

ನಮ್ಮ ಬೀದಿಯ ಆ ತುದಿ ಇಲ್ಲ. ಒಗೆಯುವ ಅಂಗಡಿ ಹೋಯಿತು, ನನ್ನ ರೆಕಾರ್ಡುಗಳೂ ಅದರ ಜೊತೆ ಹೋದವು. ನಿನ್ನ ಕಾಗದ ಬಂದಾಗ ಮೆಟ್ಟಿಲ ಮೇಲೆ ಕೂತು ಮತ್ತೆ ಮತ್ತೆ ಓದಿದೆ. ಅಂಚೆಯವನು ಈ ಸಲ ಏನೂ ತಮಾಷೆ ಮಾಡಲಿಲ್ಲ.

ಓಥಾ ಲೀ


ಡೆಟ್ರಾಯಿಟ್
ಮಾರ್ಚ್ 3, 1969

ವರ್ನೆಲ್,

ಕಳೆದ ಏಪ್ರಿಲ್‌ನಲ್ಲಿ ನಿಮ್ಮ ಊರಿನಲ್ಲಿ ಆಗಬಾರದ್ದು ಆಗಿ, ನಮ್ಮ ಜನರ ನಾಯಕರನ್ನು ಗುಂಡಿಟ್ಟು ಕೊಂದಾಗ ನಾನು ಕಳಿಸಿದ ತಂತಿಗೆ ನೀನು ಉತ್ತರ ಕೊಟ್ಟೆ. ಆಮೇಲೆ ಇಬ್ಬರಿಗೂ ಬರೆಯುವ ಮನಸ್ಸಾಗಲಿಲ್ಲ. ಈಗ ಬರೆಯಲೇಬೇಕಾಗಿದೆ.

ನನ್ನನ್ನು ನಮ್ಮ ಚರ್ಚಿನಲ್ಲಿ ಡೀಕನ್ ಮಾಡುವ ಮಾತು ನಡೆದಿದೆ. ಮುಂದಿನ ಸಾಲಿನಲ್ಲಿ ಕೂರುವುದು, ಪ್ರಭುವಿನ ಮೇಜಿನಿಂದ ರೊಟ್ಟಿ ಹಂಚುವುದು. ನಮ್ಮಪ್ಪನಿಗೆ ಕೊನೆಯವರೆಗೂ ಸಿಗದ ಗೌರವ. ಆದರೆ ಹಿರಿಯರು ಹಿಂದೆಮುಂದೆ ನೋಡುತ್ತಿದ್ದಾರೆ. ಹೇಗೆ ನೋಡದೆ ಇರುತ್ತಾರೆ? ನ್ಯಾಶ್‌ವಿಲ್‌ನ ಬಿಳಿ ಹೆಂಗಸೊಬ್ಬಳು ಅಳುತ್ತಾ ನಿನ್ನ ಹಾಡು ಹಾಡಿದ್ದಾಳೆ. ಅದರಲ್ಲಿ ನಾನು ಲಾರಿ ಡ್ರೈವರು, ಮೇಜಿನ ಮೇಲೆ ಮೂಳೆಯ ಬದಲು ಬಿಸ್ಕತ್ತು. ನಮ್ಮ ಮೇಸ್ತ್ರಿ ಕೆಂಟಕಿಯ ಬಿಳಿಯ. ಇದುವರೆಗೆ ನನ್ನ ಹೆಸರು ಹಿಡಿದು ಕರೆದವನಲ್ಲ. ಅವನು ಹೆಗಲ ಮೇಲೆ ಕೈಯಿಟ್ಟು, "ಓಥಾ ಲೀ, ಅಷ್ಟೊಳ್ಳೆ ಹೆಂಗಸನ್ನ ಯಾಕಪ್ಪಾ ಬಿಟ್ಟೆ?" ಎಂದು ಕಣ್ಣೊರೆಸಿಕೊಂಡ.

ಜಮೈಕಾದವರು ಬೇರೆ ಹಾಡಿದ್ದಾರೆ. ಅವರಿಗೆ ನಾನು ಬರದೆ ಇದ್ದದ್ದೇ ಒಂದು ಹಬ್ಬ. ಕುಣಿಯುತ್ತಾರೆ.

ಕೊನೆಗೆ ಒಬ್ಬ ಆರ್ಗನ್ ನುಡಿಸುವವನು ಮಾತೇ ಇಲ್ಲದೆ ಬರೀ ವಾದ್ಯದಲ್ಲಿ ನುಡಿಸಿದ್ದಾನೆ ಎಂದು ಕೇಳಿ ದೇವರಿಗೆ ಕೈಮುಗಿದೆ. ಶನಿವಾರ ಕ್ಲಬ್ಬಿಗೆ ಹೋಗಿ ನೆಮ್ಮದಿಯಾಗಿ ಕೂತೆ. ನೀನು ಬೈಯುವ ಜಾಗ ಬಂತು. ಆ ಮಹಾನುಭಾವ ಮೂರು ಸ್ವರ ಒತ್ತಿದ. ಇಡೀ ಕ್ಲಬ್ಬು ಎದ್ದು ನಿಂತು "ಓ! ಥಾ! ಲೀ!" ಎಂದು ಕೂಗಿತು. ನಾನೂ ಕೂಗಿದೆ. ಕೂಗದಿದ್ದರೆ ಗುರುತು ಸಿಗುತ್ತಿತ್ತು.

ಹೆಸರು ತೆಗೆಸು, ವರ್ನೆಲ್. ಅವಳು ಯಾರು ಎಂದು ನೀನು ಕೇಳಿದ್ದೆ. ಮರ್ಯಾದಸ್ಥ ಗಂಡಸು ಅಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವುದಿಲ್ಲ. ಹಾಗೆಂದೇ ತಿಳಿದುಕೋ.

ಓಥಾ ಲೀ


ಮೆಂಫಿಸ್
ಸೆಪ್ಟೆಂಬರ್ 8, 1969

ಮರ್ಯಾದಸ್ಥ ಗಂಡಸೇ,

ನಿನ್ನ ಡಾರ್ಥೂಲಾ ನಿನ್ನೆ ಚರ್ಚಿನಲ್ಲಿ ಎದ್ದು ನಿಂತು ಮಾತಾಡಿದಳು. ಅವಳ ಬಾಯಲ್ಲಿ ಬಂಗಾರದ ಹಲ್ಲಿರಲಿ, ಹಲ್ಲೇ ಇಲ್ಲ.

ವಿಷಯ ಹೀಗೆ. ಟೆನ್ನಿ ದೊಡ್ಡಮ್ಮನ ಚರ್ಚಿನ ಗಾಯಕರು ನಮ್ಮ ಹಾಡನ್ನು ದೇವರ ಹಾಡು ಮಾಡಿಕೊಂಡಿದ್ದಾರೆ. ನಾವು ಅಲ್ಲಿಂದ ರಾಗ ಕದ್ದು ಇಲ್ಲಿಗೆ ತರುತ್ತೇವೆ, ಅವರು ಇಲ್ಲಿಂದ ಕದ್ದು ವಾಪಸ್ಸು ಒಯ್ಯುತ್ತಾರೆ, ಯಾರೂ ಯಾರನ್ನೂ ಕೇಳುವುದಿಲ್ಲ. ಅವರ ಹಾಡಿನಲ್ಲಿ ತಟ್ಟೆ ಮುಚ್ಚಿಟ್ಟು ಕಾಯುವವನು ಪ್ರಭು. ಓಥಾ ಲೀ ಎಂದರೆ ದಾರಿ ತಪ್ಪಿದ ಪಾಪಿ. ಎರಡನೇ ಚರಣ ಅವರೇ ಕಟ್ಟಿದ್ದು: "ಎಲ್ಲಿ ಹೋದೆಯೋ ಓಥಾ ಲೀ, ಪತಿತೆಯ ಮನೆಯ ಜಗಲಿಯಲಿ." ಅಷ್ಟು ಹಾಡುವುದೇ ತಡ, ದೊಡ್ಡಮ್ಮ ಕೋಲು ಕುಟ್ಟಿಕೊಂಡು ಎದ್ದಳು.

"ನಿಲ್ಸಿ! ಯಾರ್ರೀ ಪತಿತೆ? ಅವತ್ತವನು ಮಲ್ಗಿದ್ದು ನನ್ನ ಮನೆ ಜಗಲೀಲಿ! ಬೈಬಲ್ ಮುಟ್ಟಿ ಆಣೆ ಹಾಕ್ಸಿದ್ದ ಅಂತ ಇಷ್ಟ್ ವರ್ಷ ಬಾಯ್ ಮುಚ್ಕೊಂಡಿದ್ದೆ. ದೇವರ ಮನೇಲಿ ನಿಂತು ನನ್ನ ಮನೇಗೆ ಮಸಿ ಬಳಿತೀರಾ?"

ಇವತ್ತು ಪಾರ್ಲರಿಗೆ ಬಂದು ಪೂರ್ತಿ ಹೇಳಿದಳು. "ನಮ್ಮಮ್ಮನ ಉಂಗ್ರ ಕೊಡು ದೊಡ್ಡಮ್ಮ, ವರ್ನೆಲ್‌ನ ಮದ್ವೆಗೆ ಕೇಳೋಕ್ ಹೋಗ್ತಿದೀನಿ ಅಂದ. ಕೊಡ್ತೀನಿ ಕಣಪ್ಪಾ, ಆದ್ರೆ ಭಾನುವಾರ ಮನೇಗ್ ಬಂದೋನ್ನ ಬರೀ ಹೊಟ್ಟೇಲಿ ಕಳ್ಸಿದ್ರೆ ಜನ ಏನಂತಾರೆ? ಕೋಳಿ ಬಡಿಸ್ದೆ. ಬೇಡ ಅನ್ಲಿಲ್ಲ. ಅಷ್ಟೊತ್ಗೆ ಪಕ್ಕದ್ಮನೆ ಸಿಸ್ಟರ್ ಕೊರಾಗೆ ಗೊತ್ತಾಗಿ ಅವ್ಳೂ ಒಂದ್ ತಟ್ಟೆ ಕಳ್ಸಿದ್ಳು. ಅವ್ಳದನ್ನ ಬೇಡ ಅಂದ್ರೆ ವರ್ಷಗಟ್ಲೆ ಮಾತಾಡಲ್ಲ, ನಿಂಗೊತ್ತಲ್ಲ. ತಿಂದ. ಉಂಗ್ರ ಹುಡುಕ್ಕೊಂಡ್ ಬರೋಷ್ಟ್ರಲ್ಲಿ ಉಯ್ಯಾಲೆ ಮೇಲೆ ಗೊರಕೆ. ಪಾಪ ಅಂತ ಹೊದಿಕೆ ಹೊದಿಸ್ದೆ. ಬೆಳಗಾದ್ಮೇಲೆ ಎದ್ದ. ಸೂರ್ಯನ್ನ ನೋಡಿ ಅತ್ತ. ಉಂಗ್ರನೂ ಬಿಟ್ಟು ಓಡಿದ."

ನಿದ್ದೆ, ಓಥಾ ಲೀ! ನಾನು ನಕ್ಕು ನಕ್ಕು ಕೈಲಿದ್ದ, ಕೂದಲು ನೇರ ಮಾಡುವ ಬಿಸಿ ಬಾಚಣಿಗೆ ಬೀಳಿಸಿದೆ. ಗಿರಾಕಿಯ ಕಿವಿ ಸುಡುವುದು ಸ್ವಲ್ಪದರಲ್ಲಿ ತಪ್ಪಿತು. ಆಮೇಲೆ ಹಿಂದಿನ ಕೋಣೆಗೆ ಹೋಗಿ ಅತ್ತೆ. ಉಂಗುರದ ವಿಷಯ ನನಗೆ ಗೊತ್ತಿರಲಿಲ್ಲ. ನೀನು ಬಂದು "ನಿದ್ದೆ ಬಂತು" ಎಂದಿದ್ದರೆ ನಾನು ನಿನ್ನನ್ನು ಬೈಯುತ್ತಿದ್ದೆ, ನಿಜ. ಆದರೆ ಮನೆಯೊಳಗೆ ಬೈಯುತ್ತಿದ್ದೆ. ಇಂಗ್ಲೆಂಡಿನವರೆಗೆ ಹೋಗುತ್ತಿರಲಿಲ್ಲ.

ವರ್ನೆಲ್


ಡೆಟ್ರಾಯಿಟ್
ಅಕ್ಟೋಬರ್ 19, 1969

ವರ್ನೆಲ್,

ನಿನ್ನ ಕಾಗದ ಓದಿ ಒಂದು ವಾರ ತಲೆ ಎತ್ತಿ ನಡೆಯಲಿಲ್ಲ. ಬೇರೆ ಹೆಣ್ಣಿನ ಹಿಂದೆ ಹೋದವನು ಎಂದರೆ ಜನ ಬೈಯುತ್ತಾರೆ, ಆದರೂ ಒಂದು ಲೆಕ್ಕಕ್ಕೆ ತಗೊಳ್ಳುತ್ತಾರೆ. ಕೋಳಿ ತಿಂದು ಗೊರಕೆ ಹೊಡೆದವನನ್ನು ಯಾವ ಲೆಕ್ಕಕ್ಕೆ ತಗೊಳ್ಳುತ್ತಾರೆ? ನಿನ್ನಮ್ಮನ ಮುಖ ಹೇಗೆ ನೋಡಲಿ ಎಂದು ಓಡಿದೆ, ಇನ್ನೇನಿಲ್ಲ.

ಎರಡನೇ ವಾರ ತಲೆ ಎತ್ತಿದೆ. ಕಾರಣ, ನಿಮ್ಮ ಸ್ಟುಡಿಯೊದ ಬೇಸ್ ಗಿಟಾರಿನ ಪರ್ವಿಸ್ ಇಲ್ಲಿ ನುಡಿಸಲು ಬಂದಿದ್ದ. ಅವನಿಗೆ ನಾನೇ ಆ ಓಥಾ ಲೀ ಎಂದು ಗೊತ್ತಾಗಿ ತುಂಬಾ ಮರ್ಯಾದೆ ಕೊಟ್ಟ. ಮಾತಿಗೆ ಮಾತು ಬಂದು ಆ ಭಾನುವಾರದ ವಿಷಯವೂ ಬಂತು. "ಆ ಭಾನುವಾರಾನಾ? ವರ್ನೆಲ್ ಸ್ಟುಡಿಯೊದಲ್ಲಿದ್ಳಲ್ಲ! ಅವತ್ತೇ ಅವ್ಳು ಮೊದಲ್ನೇ ಸಲ ಮೈಕ್ ಮುಂದೆ ನಿಂತಿದ್ದು. ಚರ್ಚಿಂದ ನೇರವಾಗಿ ಕರ್ಕೊಂಡ್ಬಂದಿದ್ವಿ, ಹಿಂದೆ ನಿಂತು ದನಿ ಸೇರ್ಸೋಕೆ. ಹಾಡೋನು ಕುಡ್ದು ಬಂದಿದ್ದ, ಕತ್ತಲಾದ್ರೂ ಮುಗೀಲಿಲ್ಲ" ಎಂದ.

ಹೊಸ ಮೇಜುಹಾಸು! ನೀಲಿ ಅಂಚಿನ ತಟ್ಟೆ! ಬಾಗಿಲ ಕಡೆ ನೋಡುತ್ತಾ ಕೂತಿದ್ದಳಂತೆ! ನಾನೂ ಬರಲಿಲ್ಲ, ನೀನೂ ಇರಲಿಲ್ಲ. ಹಾಗಾದರೆ ಮೂರು ದೇಶದ ಜನ ಇಷ್ಟು ವರ್ಷದಿಂದ ನನ್ನನ್ನು ಬೈಯುತ್ತಿರುವುದು ಯಾವ ಸುಖಕ್ಕೆ? ಆ ಮೇಜಿನ ಮುಂದೆ ಕೂತಿದ್ದವರು ಯಾರು, ವರ್ನೆಲ್?

ಓಥಾ ಲೀ


ಮೆಂಫಿಸ್
ಡಿಸೆಂಬರ್ 1, 1969

ಓಥಾ ಲೀ,

ಹೌದು, ಅವತ್ತು ನಾನು ಮನೆಯಲ್ಲಿರಲಿಲ್ಲ. ಯಾರು ಕೂತಿದ್ದರು ಎಂದು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಅಡುಗೆಮನೆಗೆ ಹೋದೆ. ಅಮ್ಮ ಸೊಪ್ಪು ಸೋಸುತ್ತಿದ್ದಳು.

"ಅಮ್ಮ, ಓಥಾ ಲೀನ ಊಟಕ್ಕೆ ಕರ್ದಿದ್ವಲ್ಲ, ಆ ಭಾನುವಾರ ನೀನೇನ್ ಮಾಡ್ತಿದ್ದೆ?"

ಅಮ್ಮ ತಲೆ ಎತ್ತಲಿಲ್ಲ. "ಏನ್ ಮಾಡ್ತೀನಿ? ಕೂತಿದ್ದೆ. ಬೆಳಗಿನ ಪ್ರಾರ್ಥನೆ ಮುಗ್ಸ್ಕೊಂಡ್ ಬಂದೋಳು ಒಲೆ ಮುಂದೆ ನಿಂತೆ. ಅಳಿಯ ಆಗೋನು ಬರ್ತಾನೆ ಅಂತ ಹ್ಯಾಟ್ ಕೂಡ ತೆಗೀಲಿಲ್ಲ. ಅವ್ನೂ ಬರ್ಲಿಲ್ಲ, ನೀನೂ ಬರ್ಲಿಲ್ಲ. ಎರಡ್ ತಟ್ಟೆ ಮುಚ್ಚಿಟ್ಟೆ. ಆಮೇಲೆ ಒಲೆ ಮುಂದೆ ನಿಂತ್ಕೊಂಡು ಇಬ್ರಿಗೂ ಬಾಯಿಗ್ ಬಂದಂಗ್ ಬೈದೆ. ಸೊಪ್ಪು ಎಷ್ಟ್ ಸಲ ಬಿಸಿ ಮಾಡ್ಲಿ ಅಂತ."

ಆಗ ನೆನಪಾಯಿತು. ಆ ಸಂಜೆ ಹಿತ್ತಿಲ ಬಾಗಿಲಿಂದ ಮೆಲ್ಲಗೆ ಒಳಗೆ ಬಂದವಳು ನಾನು. ಅಮ್ಮ ಒಲೆಯ ಜೊತೆ ಮಾತಾಡುತ್ತಿದ್ದಳು. ಹೆದರಿಕೊಂಡು ಹಾಗೇ ಹೋಗಿ ಮಲಗಿದ್ದೆ. ಮೈಕಿನ ಮುಂದೆ ಚರಣ ಮರೆತಾಗ ನನ್ನ ಬಾಯಿಗೆ ಬಂದದ್ದು ನನ್ನ ಮಾತೇ ಅಲ್ಲ. ಅಕ್ಷರಕ್ಕೆ ಅಕ್ಷರ ಅವಳದು, ನನ್ನ ಹೆಸರೊಂದನ್ನು ಬಿಟ್ಟು. ಇಂಗ್ಲೆಂಡಿನ ಹುಡುಗರು ನನ್ನನ್ನು ನಕಲು ಮಾಡಿದರು ಎಂದು ನಗುತ್ತಿದ್ದೆನಲ್ಲ, ಓಥಾ ಲೀ, ಮೊದಲ ನಕಲು ನಾನೇ.

"ಮತ್ತೆ ಹಾಡು ಬಂದಾಗೆಲ್ಲ ಎದ್ದು ಹೋಗ್ತಿದ್ಯಲ್ಲಮ್ಮ, ಕೋಪಕ್ಕಲ್ವಾ?"

"ಕೋಪ ಯಾಕೆ? ನಗು ಬರ್ತಿತ್ತು. ಮುಂದೆ ಕೂತು ನಕ್ರೆ ನಿಂಗೆ ಬೇಜಾರಾಗುತ್ತೆ ಅಂತ ಒಳಗೆ ಹೋಗಿ ನಗ್ತಿದ್ದೆ. ನನ್ನ ಬೈಗುಳಕ್ಕೆ ಅಷ್ಟೊಂದ್ ತುತ್ತೂರಿ ಊದ್ತಾರಲ್ಲ!" ಎಂದಳು. ಆಮೇಲೆ ಸೊಪ್ಪು ಸೋಸುತ್ತಲೇ, "ಒಂದಷ್ಟು ದಿನ ಬೇಜಾರೂ ಆಗಿತ್ತು. ಒಬ್ಳೇ ಉಂಡಿದ್ದೆ ಅವತ್ತು" ಎಂದಳು. ನನಗೆ ನಾಚಿಕೆಯಾಯಿತು. ನಿನಗೂ ಆಗಬೇಕು.

ಕಂಪನಿಯವರು ಪಿಟೀಲುಗಳನ್ನೆಲ್ಲ ಸೇರಿಸಿ ಹಾಡನ್ನು ಹೊಸದಾಗಿ ಮುದ್ರಿಸಬೇಕು ಎನ್ನುತ್ತಿದ್ದರು. ನಿನಗೆ ಕೊಟ್ಟ ಮಾತಿನಂತೆ ಹೆಸರು ತೆಗೆಯುತ್ತೇನೆ ಎಂದು ಅಮ್ಮನಿಗೆ ಹೇಳಿದೆ. "ತೆಗೆಯೋದೇನು ಬೇಡ. ನಿನ್ ಹೆಸ್ರೂ ಸೇರ್ಸು" ಎಂದಳು. ಕಳೆದ ಗುರುವಾರ ಹ್ಯಾಟ್ ಹಾಕಿಕೊಂಡು ನನ್ನ ಜೊತೆ ಸ್ಟುಡಿಯೊಗೂ ಬಂದಳು. ನಾನು ಬೈಯುವ ಜಾಗ ಬಂದಾಗ ನನ್ನನ್ನು ಪಕ್ಕಕ್ಕೆ ಸರಿಸಿ ಮೈಕಿನ ಮುಂದೆ ಅವಳೇ ನಿಂತಳು. "ಓಥಾ ಲೀ ಗೇನ್ಸ್! ವರ್ನೆಲ್ ಟಾಲಿವರ್! ಇಬ್ರೂ ಎಲ್ಲಿ ಸತ್ರಿ?" ಪಿಟೀಲಿನವರು ಹೆದರಿ ಕಮಾನು ಕೆಳಗಿಟ್ಟರು. ಯಜಮಾನರು ಇನ್ನೊಂದು ಸಲ ಹೇಳಿ ಎನ್ನಲಿಲ್ಲ. ಧೈರ್ಯ ಬರಲಿಲ್ಲ.

ಹೀಗಾಗಿ ಇನ್ನು ಮುಂದೆ ಯಾರು ಎಲ್ಲಿ ಈ ಹಾಡು ಹಾಡಿದರೂ ನಿನ್ನ ಜೊತೆ ನನಗೂ ಮಂಗಳಾರತಿ. ನಿನ್ನ ಡೀಕನ್ ಕೆಲಸ ಹೋದರೆ ಕ್ಷಮಿಸು. ಅಮ್ಮನ ಮಾತು ಮೀರಲಾರೆ.

ವರ್ನೆಲ್


ಡೆಟ್ರಾಯಿಟ್
ಫೆಬ್ರವರಿ 2, 1970

ವರ್ನೆಲ್,

ಡೀಕನ್ ಕೆಲಸ ಹೋಗಿಲ್ಲ. ಬಂದೂ ಇಲ್ಲ. ನಿನ್ನೆ ಪಟ್ಟ ಕಟ್ಟುವ ದಿನ. ಕರಿ ಸೂಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದೆ. ನಮ್ಮ ಗಾಯಕರು ನನಗೆ ತಿಳಿಸದೆ ನಿಮ್ಮೂರಿನ ಚರ್ಚಿನ ಹಾಡನ್ನೇ ಅಭ್ಯಾಸ ಮಾಡಿದ್ದರು. ಪಾದ್ರಿಗಳು ಬೇಡ ಎನ್ನಲಿಲ್ಲ, ಅವರ ಹೆಂಡತಿಯೇ ಮುಂದೆ ನಿಂತು ಹಾಡಿದಳು. ಪತಿತೆಯ ಮನೆಯ ಜಗಲಿ ಬಂದಾಗ ಇಡೀ ಚರ್ಚು ನನ್ನನ್ನು ನೋಡಿತು.

ಟೆನ್ನಿ ದೊಡ್ಡಮ್ಮ ಎದ್ದು ನಿಂತದ್ದು ನೆನಪಾಯಿತು. ಹಲ್ಲಿಲ್ಲದ ಮುದುಕಿಗೆ ಇರುವ ಧೈರ್ಯ ನನಗೆ ಬೇಡವೇ? ಎದ್ದೆ. "ಅದು ನಮ್ಮ ದೊಡ್ಡಮ್ಮನ ಮನೆ ಕಣ್ರಪ್ಪಾ. ಕೋಳಿ ತಿಂದು ನಿದ್ದೆ ಹೋದೆ. ಅಷ್ಟೇ" ಎಂದೆ. ಮೊದಲು ನಕ್ಕದ್ದು ಮಕ್ಕಳು. ಆಮೇಲೆ ಚಾವಣಿ ಹಾರಿಹೋಗುವಂತೆ ಎಲ್ಲರೂ ನಕ್ಕರು. ಯಾರೋ ಹೆಂಗಸು "ಹೇಳಪ್ಪಾ, ಪೂರ್ತಿ ಹೇಳು!" ಎಂದು ಹುರಿದುಂಬಿಸಿದಳು. ಸಿಸ್ಟರ್ ಕೊರಾ ಕಳಿಸಿದ ತಟ್ಟೆಯನ್ನೂ ಹೇಳಿದೆ, ನಿನ್ನಮ್ಮ ಕಾದು ಕಾದು ಒಬ್ಬಳೇ ಉಂಡದ್ದನ್ನೂ ಹೇಳಿದೆ.

ನಗು ನಿಂತ ಮೇಲೆ ಪಾದ್ರಿಗಳು ಹೇಳಿದರು: "ಬ್ರದರ್ ಓಥಾ, ಪ್ರಭುವಿನ ಮೇಜಿಗೆ ನಿಲ್ಲೋದು ಆಮೇಲೆ. ಆ ತಾಯಿ ಹಾಕಿದ ಮೇಜಿಗೆ ಮೊದಲು ಹೋಗಿ ಕೂತ್ಕೊಂಡು ಉಂಡು ಬಾ. ನಿನ್ನ ಕುರ್ಚಿ ಹಾಗೇ ಇಟ್ಟಿರ್ತೀವಿ."

ಈ ಶನಿವಾರ ರಾತ್ರಿಯ ಬಸ್ಸಿಗೆ ಹೊರಡುತ್ತೇನೆ. ಭಾನುವಾರ ಮಧ್ಯಾಹ್ನ ನಿಮ್ಮ ಮನೆಯಲ್ಲಿರುತ್ತೇನೆ. ಆದರೆ ಇದು ಪಾದ್ರಿಗಳು ಹೇಳಿದ್ದಕ್ಕೆ ಮಾತ್ರ ಬರುತ್ತಿರುವುದಲ್ಲ. ನಿನ್ನನ್ನು ನೋಡಬೇಕು, ವರ್ನೆಲ್. ಇಷ್ಟು ವರ್ಷದಲ್ಲಿ ನಿನ್ನ ಹಾಡು ಬಂದಾಗ ಒಂದು ಸಲವೂ ನಾನು ರೇಡಿಯೊ ಆರಿಸಲಿಲ್ಲ. ನನ್ನ ಹೆಸರು ಹೇಳುವ ನಿನ್ನ ದನಿ ಇನ್ನೆಲ್ಲೂ ಸಿಗುತ್ತಿರಲಿಲ್ಲ.

ಒಂದೇ ತೊಂದರೆ. ಉಂಗುರ ಇನ್ನೂ ದೊಡ್ಡಮ್ಮನ ಬಳಿಯೇ ಇದೆ. ಉಣ್ಣದೆ ಅವಳು ಕೊಡುವುದಿಲ್ಲ, ಉಂಡರೆ ನನ್ನ ಗತಿ ನಿನಗೆ ಗೊತ್ತು. ಆದ್ದರಿಂದ ಆ ಉಂಗುರ ನಿನಗೆ ಬೇಕು ಅನ್ನಿಸಿದರೆ, ಬೇಕು ಅನ್ನಿಸಿದರೆ ಮಾತ್ರ, ನೀನೇ ಹೋಗಿ ಇಸಿದುಕೊಂಡು ಬರುತ್ತೀಯಾ? ನಿನ್ನ ಉತ್ತರ ಅದರಲ್ಲೇ ತಿಳಿಯುತ್ತದೆ.

ನಿನ್ನ
ಓಥಾ ಲೀ


ತಂತಿ
ಮೆಂಫಿಸ್, ಫೆಬ್ರವರಿ 6, 1970

ಉಂಗುರ ಸಿಕ್ಕಿತು. ದೊಡ್ಡಮ್ಮನ ತಟ್ಟೆ ತಿಂದೆ. ಕೊರಾಳ ತಟ್ಟೆಯನ್ನೂ ತಿಂದೆ. ಉಯ್ಯಾಲೆಯ ಮೇಲೆ ಕೂತಿದ್ದೇನೆ. ಕಣ್ಣು ಎಳೆಯುತ್ತಿದೆ. ಬೇಗ ಬಾ.

ವರ್ನೆಲ್